ಕ್ಲಚ್ಚಮ್ಮ ಸೇತುವೆ ದಾಟಿದ್ದು

ಕಾರು ಕಲಿಸುವವರ ಕೈಯಲ್ಲಿರುವ ಆಯುಧ ಎರಡೇ: ಒಂದು ನಾಲಿಗೆ, ಇನ್ನೊಂದು ಅವರ ಕಾಲ ಬುಡದಲ್ಲಿರುವ ಎರಡನೇ ಬ್ರೇಕು. ಬ್ರೇಕನ್ನು ಹೆಚ್ಚು ಒತ್ತುವವರು ಕಲಿಸುವುದು ಕಡಿಮೆ ಎಂಬುದು ಕ್ಲಚ್ಚಮ್ಮನ ಖಡಾಖಂಡಿತ ಅಭಿಪ್ರಾಯ. ಹಾಗಾಗಿ ಅವಳು ನಾಲಿಗೆಯನ್ನೇ ಬಳಸುತ್ತಿದ್ದಳು, ಅದೂ ಧಾರಾಳವಾಗಿ. "ಕ್ಲಚ್ಚು ಕಣಮ್ಮಾ, ಕ್ಲಚ್ಚು" ಎಂದು ಇಪ್ಪತ್ತೆರಡು ವರ್ಷ ಕೂಗಿ ಕೂಗಿ ಕೊನೆಗೆ ಆ ಹೆಸರು ಅವಳಿಗೇ ಅಂಟಿಕೊಂಡಿತು. ಎದುರಿಗೆ ಮೇಡಂ, ಬೆನ್ನ ಹಿಂದೆ ಕ್ಲಚ್ಚಮ್ಮ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ಅವಳ ಪಾಠಕ್ಕೊಂದು ಪದ್ಧತಿಯಿತ್ತು. ಮೊದಲೆರಡು ದಿನ ಗೋದಾಮುಗಳ ಹಿಂದಿನ ಖಾಲಿ ರಸ್ತೆ. ಮೂರನೆಯ ದಿನ, ಮಾತಿಲ್ಲ ಕತೆಯಿಲ್ಲ, ನೇರ ಸೇತುವೆ. ಊರಿನ ಅಂಚಿನಲ್ಲಿ ನದಿಗೆ ಅಡ್ಡಲಾಗಿದ್ದ ದೊಡ್ಡ ಸೇತುವೆ ಅದು. ಏರುದಾರಿಯಲ್ಲೇ ವೇಗ ಹೆಚ್ಚಿಸಿಕೊಂಡು ಲಾರಿಗಳ ಸಾಲಿನೊಳಗೆ ನುಗ್ಗಬೇಕು. ನುಗ್ಗಿದ ಮೇಲೆ ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ಸೇತುವೆ ಮುಗಿದರೂ ಜೌಗಿನ ಮೇಲೆ ಎತ್ತರಿಸಿ ಕಟ್ಟಿದ ರಸ್ತೆ, ಅದು ಮುಗಿದ ಮೇಲೆ ಒಂದು ಪೆಟ್ರೋಲ್ ಬಂಕು. ಅಲ್ಲಿಗೆ ಹನ್ನೆರಡು ನಿಮಿಷ. ಲಾರಿಗಳು ಗಂಟು ಕಟ್ಟಿಕೊಂಡರೆ ಇಪ್ಪತ್ತೈದು. ಅಂಗೈ ಬೆವರಿಸಿಕೊಂಡು, ತುಟಿ ಒಣಗಿಸಿಕೊಂಡು ಆಚೆ ದಡ ಮುಟ್ಟಿದ ಶಿಷ್ಯರು ಕಾರಿನಿಂದಿಳಿದು ಸುಮ್ಮಸುಮ್ಮನೆ ನಗುತ್ತಿದ್ದರು. ಆ ನಗು ನೋಡುವುದಕ್ಕೇ ಕ್ಲಚ್ಚಮ್ಮ ಈ ಕೆಲಸದಲ್ಲಿ ಉಳಿದಿದ್ದಳು ಎಂದರೂ ತಪ್ಪಿಲ್ಲ.

ಐವತ್ತಮೂರನೆಯ ವಯಸ್ಸಿನಲ್ಲಿ ಅವಳಿಗೆ ಮಲದಲ್ಲಿ ರಕ್ತ ಕಾಣಿಸಿಕೊಂಡಿತು. ದಿನವಿಡೀ ಸೀಟಿನ ಮೇಲೆ ಕೂತವರಿಗೆ ಮೂಲವ್ಯಾಧಿ ಬರದೆ ಇನ್ನೇನು ಬರುತ್ತದೆ ಎಂದು ಅವಳೇ ತೀರ್ಮಾನಿಸಿ, ಅವಳೇ ಮುಲಾಮು ತಂದು, ನಾಲ್ಕು ತಿಂಗಳು ಅವಳೇ ಡಾಕ್ಟರಾದಳು. ನಿಜವಾದ ಡಾಕ್ಟರು ಕೈಗವಸು ಹಾಕಿಕೊಂಡು ಎರಡು ನಿಮಿಷ ಪರೀಕ್ಷಿಸಿದ ಮೇಲೆ ಅವರ ಮುಖ ಸಣ್ಣಗಾಯಿತು. ಗುದನಾಳದ ಕ್ಯಾನ್ಸರ್, ಅದೂ ಬಹಳ ಕೆಳಗೆ. ಮೊದಲು ರೇಡಿಯೇಶನ್, ಆಮೇಲೆ ಆಪರೇಷನ್. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಮೇಲಿನ ಕರುಳನ್ನು ಕೆಳಕ್ಕೆಳೆದು ಜೋಡಿಸಿದರು. ಹೊಲಿಗೆ ಮಾಯುವವರೆಗೆ ಇರಲೆಂದು ಹೊಟ್ಟೆಯ ಪಕ್ಕದಲ್ಲಿ ಬೇರೆ ದಾರಿ ಮಾಡಿ ಒಂದು ಚೀಲ ಅಂಟಿಸಿದರು.

ಚೀಲದ ಜೊತೆ ಅವಳು ಬೇಗನೆ ರಾಜಿಯಾದಳು. ಅವಳ ಗಂಡ ಸೋಫಾಗಳಿಗೆ, ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವವನು. ಸೀಟ್ ಬೆಲ್ಟು ಚೀಲದ ಮೇಲೆ ಒತ್ತದಂತೆ ಅಂಗೈಯಗಲದ ಒಂದು ಮೆತ್ತೆ ಹೊಲಿದುಕೊಟ್ಟ. ಮೂರು ತಿಂಗಳಿಗೇ ಅವಳು ಇಬ್ಬರು ಶಿಷ್ಯರನ್ನು ಸೇತುವೆ ದಾಟಿಸಿದಳು. ಐದು ತಿಂಗಳಾದ ಮೇಲೆ ಚೀಲ ತೆಗೆದು ಕರುಳನ್ನು ಮತ್ತೆ ಸೇರಿಸಿದರು. ಇನ್ನು ನೀವು ಮೊದಲಿನಂತೆ ಎಂದು ಸರ್ಜನ್ ಕೈ ಕುಲುಕಿದರು. ನಿಜವಾದ ಫಜೀತಿ ಶುರುವಾಗಿದ್ದು ಅಲ್ಲಿಂದ.

ಕತ್ತರಿಸಿ ತೆಗೆದದ್ದು ಹೊಟ್ಟೆಯ ಉಗ್ರಾಣವನ್ನೇ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೂ ಆಗ ಕ್ಯಾನ್ಸರ್ ಎಂಬ ಪದದ ಮುಂದೆ ಅದು ಕಿವಿಗೆ ಬಿದ್ದಿರಲಿಲ್ಲ. ಕೂಡಿಟ್ಟುಕೊಳ್ಳುವ ಜಾಗವೇ ಇಲ್ಲದ ಮೇಲೆ ಬಂದದ್ದೆಲ್ಲ ಬಾಗಿಲಿಗೇ ಬರುತ್ತಿತ್ತು. ದಿನಕ್ಕೆ ಹದಿನಾಲ್ಕು ಸಲ. ಹೋಗಿ ಬಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೊಮ್ಮೆ, ಆಮೇಲೆ ಇನ್ನೊಮ್ಮೆ. ಬರುವುದು ಬರೀ ಗಾಳಿಯೋ ಇನ್ನೊಂದೋ ಎಂಬುದೂ ತಿಳಿಯುತ್ತಿರಲಿಲ್ಲ. ಬಂತು ಎಂದರೆ ಬಂತು, ಮುನ್ಸೂಚನೆ ಒಂದು ನಿಮಿಷ. ಸಾಯುವುದಕ್ಕೆ ಹೆದರದ ಹೆಂಗಸು ತರಕಾರಿ ಅಂಗಡಿಯ ಸಾಲಿನಲ್ಲಿ ನಿಲ್ಲುವುದಕ್ಕೆ ಹೆದರಿದಳು.

ಸ್ಕ್ಯಾನ್ ನೋಡಿ ನೋಡಿ ಸರ್ಜನ್ ಹಿಗ್ಗುತ್ತಿದ್ದರು. ಅಷ್ಟು ಸಂತೋಷಪಡುವ ಮನುಷ್ಯನ ಎದುರು ಕಕ್ಕಸಿನ ಮಾತು ತೆಗೆಯುವುದು ಹೇಗೆ? ಪ್ರತಿ ಸಲವೂ ನರ್ಸ್ ಐದು ಪ್ರಶ್ನೆಗಳ ಒಂದು ಹಾಳೆ ಕೊಡುತ್ತಿದ್ದಳು. ವಾಯು ತಡೆಯಲು ಆಗುತ್ತದೆಯೇ, ಶೌಚಕ್ಕೆ ಓಡಬೇಕಾಗುತ್ತದೆಯೇ, ಹೀಗೆ. ಕ್ಲಚ್ಚಮ್ಮ ಎಲ್ಲದಕ್ಕೂ ಒಳ್ಳೆಯ ಉತ್ತರದ ಮುಂದೆಯೇ ಗುರುತು ಹಾಕಿ, ಸಹಿ ಹಾಕಿ, ಆಸ್ಪತ್ರೆಯ ಕಕ್ಕಸಿಗೆ ಓಡುತ್ತಿದ್ದಳು.

ಕೆಲಸ ಬಿಡಲಿಲ್ಲ. ಬಿಟ್ಟರೆ ಮನೆಯಲ್ಲಿ ಕೂತು ಕಾಯಿಲೆಯವಳಾಗಬೇಕು, ಅದು ಅವಳ ಜಾಯಮಾನಕ್ಕೆ ಒಗ್ಗದ ಮಾತು. ಬದಲಿಗೆ ಪಾಠದ ದಾರಿಯನ್ನೇ ಬದಲಿಸಿಕೊಂಡಳು. ಗ್ರಂಥಾಲಯದ ಕಕ್ಕಸು ಒಂಬತ್ತಕ್ಕೆ ತೆರೆಯುತ್ತದೆ, ಬಸ್ ನಿಲ್ದಾಣದ್ದಕ್ಕೆ ಚಿಲಕವಿಲ್ಲ, ಪೀಠೋಪಕರಣದ ಮಳಿಗೆಯದು ಮೂರನೇ ಮಹಡಿಯಲ್ಲಿದ್ದರೂ ಲಿಫ್ಟ್ ಇದೆ, ಹೀಗೆ ಊರಿನ ಹೊಸದೊಂದು ನಕಾಶೆ ಅವಳ ತಲೆಯಲ್ಲಿ ತಯಾರಾಯಿತು. ಒಂದು ಕಕ್ಕಸಿನಿಂದ ಇನ್ನೊಂದಕ್ಕೆ ಎರಡು ನಿಮಿಷಕ್ಕಿಂತ ದೂರವಿಲ್ಲದ ಹಾಗೆ ಶಿಷ್ಯರನ್ನು ಸುತ್ತಿಸಿದಳು. "ಇಲ್ಲಿ ನಿಲ್ಲಿಸು, ಒಂದೇ ಏಟಿಗೆ" ಎನ್ನುವಳು. ನಿಲ್ಲಿಸಿದ ಕೂಡಲೇ ಇಳಿದು ಮಾಯ. ಆ ಹತ್ತು ತಿಂಗಳು ಅವಳ ಕೈಯಲ್ಲಿ ಪಳಗಿದವರಷ್ಟು ಚೆನ್ನಾಗಿ ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸುವವರು ಆ ಊರಿನಲ್ಲೇ ಇರಲಿಲ್ಲ. ಪಾಠವಿರುವ ದಿನ ಮಧ್ಯಾಹ್ನದವರೆಗೆ ಹೊಟ್ಟೆಗೆ ಏನನ್ನೂ ಹಾಕುತ್ತಿರಲಿಲ್ಲ. ಕೈ ನಡುಗುತ್ತಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಸೇತುವೆ? ಸೇತುವೆ ರಿಪೇರಿಯಲ್ಲಿದೆ ಎಂದುಬಿಟ್ಟಳು. ಹತ್ತು ತಿಂಗಳು ಆ ಸೇತುವೆಯನ್ನು ಅವಳೊಬ್ಬಳೇ ರಿಪೇರಿ ಮಾಡಿಸಿದಳು. ಪರೀಕ್ಷಕರು ನಾಲ್ವರಲ್ಲಿ ಒಬ್ಬರನ್ನು ಮಾತ್ರ ಸೇತುವೆಗೆ ಕರೆದೊಯ್ಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಏಳು ಜನ ಪಾರಾದರು. ಎಂಟನೆಯವಳು ಹೂವಿನಂಗಡಿಯವಳು.

ಹೂವಿನವಳು ನಲವತ್ತೆಂಟರ ಹೆಂಗಸು, ಮಾತು ಕಡಿಮೆ, ಹಟ ಜಾಸ್ತಿ. ಅವಳ ಗಂಡನ ಕಣ್ಣು ಮಂಜಾಗಿ ವ್ಯಾನು ಓಡಿಸುವುದು ನಿಂತಿತ್ತು. ಸಗಟು ಹೂವಿನ ಮಾರುಕಟ್ಟೆ ಇದ್ದದ್ದು ನದಿಯ ಆಚೆ ದಡದಲ್ಲಿ. ಬೇರೆಯವರ ಗಾಡಿಯಲ್ಲಿ ತರಿಸಿದ ಹೂವು ಅಂಗಡಿಗೆ ಬರುವಷ್ಟರಲ್ಲಿ ಅರ್ಧ ಬಾಡಿರುತ್ತಿತ್ತು. ಅದಕ್ಕೇ ಈ ವಯಸ್ಸಿನಲ್ಲಿ ಕಲಿಯಲು ಬಂದಿದ್ದಳು. ಪರೀಕ್ಷೆಯ ದಿನ ಕಾರು ಹೋಗಿ ಇಪ್ಪತ್ತು ನಿಮಿಷಕ್ಕೇ ತಿರುಗಿ ಬಂತು, ಓಡಿಸುತ್ತಿದ್ದವನು ಪರೀಕ್ಷಕ. ಸೇತುವೆಯ ಏರುದಾರಿಯಲ್ಲಿ, ವೇಗ ಹೆಚ್ಚಿಸಬೇಕಾದ ಜಾಗದಲ್ಲೇ, ಹೂವಿನವಳು ಕಾರು ನಿಲ್ಲಿಸಿಬಿಟ್ಟಿದ್ದಳು. ಹಿಂದೆ ಲಾರಿಗಳ ಹಾರನ್ನು. ಕೈಕಾಲು ಆಡಲಿಲ್ಲವಂತೆ. ಫೇಲು.

ಪರೀಕ್ಷಕ ಹೋದ ಮೇಲೆ ಇಬ್ಬರೂ ನಿಂತ ಕಾರಿನಲ್ಲೇ ಕೂತರು. ಹೂವಿನವಳು ಅಳಲಿಲ್ಲ.

"ಮೇಡಂ, ಸೇತುವೆ ಮೇಲೆ ರಿಪೇರಿ ಏನೂ ಇಲ್ಲ. ನಾನೇ ಕಣ್ಣಾರೆ ನೋಡಿದೆ. ದಿನಾ ನಮ್ಮ ಹೂವಿನ ಗಾಡಿ ಅದ್ರ ಮೇಲೇ ಬರುತ್ತಲ್ಲಾ ಅಂತ ಅನಿಸ್ತಿತ್ತು. ಅವರಿಗೆ ಬಿಡ್ತಾರೆ, ಕಲಿಯೋರಿಗೆ ಬಿಡಲ್ಲ ಅಂದ್ಕೊಂಡಿದ್ದೆ."

ನಾಚಿಕೆಯಿಂದ ಕ್ಲಚ್ಚಮ್ಮನ ಕಿವಿ ಬಿಸಿಯಾಯಿತು.

"ಅಲ್ಲಿ ಕಕ್ಕಸು ಇಲ್ಲ, ಅದಕ್ಕೇ ಕರ್ಕೊಂಡು ಹೋಗ್ಲಿಲ್ಲ" ಎಂದಳು. ಒಂದು ಮಾತು ಬಾಯಿಂದ ಬಿದ್ದ ಮೇಲೆ ಉಳಿದದ್ದೂ ಬಂತು. ಕ್ಯಾನ್ಸರು, ಚೀಲ, ಹದಿನಾಲ್ಕು ಸಲ, ಖಾಲಿ ಹೊಟ್ಟೆ, ಎಲ್ಲವನ್ನೂ ಕಿಟಕಿ ಏರಿಸಿದ ಕಾರಿನಲ್ಲಿ ಕೂತು ಹೇಳಿದಳು. ಗಂಡನಿಗೂ ಅಷ್ಟು ಹೇಳಿರಲಿಲ್ಲ. ಕೊನೆಗೆ, ಇನ್ನು ಈ ಕೆಲಸ ತನ್ನಿಂದಾಗದು, ಬೇರೆ ಒಳ್ಳೆಯವರಿದ್ದಾರೆ, ಅವರ ಹತ್ತಿರ ಕಲಿ ಎಂದು ಒಂದು ಹೆಸರನ್ನೂ ಸೂಚಿಸಿದಳು.

ಹೂವಿನವಳು ಪೂರ್ತಿ ಕೇಳಿಸಿಕೊಂಡಳು. ಅಯ್ಯೋ ಪಾಪ ಎನ್ನಲಿಲ್ಲ.

"ನಿಮ್ಮ ಕಷ್ಟ ಅರ್ಥ ಆಗುತ್ತೆ ಮೇಡಂ. ಆದ್ರೆ ನಂಗೆ ಸೇತುವೆ ಬೇಕು. ಏಳು ವಾರಕ್ಕೆ ಮತ್ತೆ ಪರೀಕ್ಷೆ. ನಿಮ್ಮ ಬೈಗುಳ ನಂಗೆ ಅಭ್ಯಾಸ ಆಗಿದೆ, ಇನ್ನೊಬ್ಬರ ಹತ್ರ ಮೊದಲಿಂದ ಬೈಸ್ಕೊಳೋಕೆ ಪುರುಸೊತ್ತಿಲ್ಲ" ಎಂದು ಬಾಗಿಲು ತೆರೆದು ಇಳಿದು ಹೋದಳು.

ಆ ರಾತ್ರಿ ಊಟದ ಹೊತ್ತಿಗೆ, ಕಾರು ಮಾರಿಬಿಡೋಣ ಎಂದಳು ಕ್ಲಚ್ಚಮ್ಮ. ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. "ಮಾರೋಣ ಬಿಡು ಇವಳೇ. ಮೊದಲು ಆ ನರ್ಸ್ ಹತ್ರ ಹೋಗಿ ನಿಜ ಹೇಳು. ಹಾಳೆ ಮೇಲೆ ಸುಳ್ಳು ಬರೀತಿದೀಯ ಅಂತ ನಂಗೆ ಗೊತ್ತು. ನಿನ್ನ ಬಟ್ಟೆ ಒಗೆಯೋನು ನಾನೇ ತಾನೆ." ಹತ್ತು ತಿಂಗಳಿಂದ ಅವನು ಪಕ್ಕದಲ್ಲಿ ಮಲಗುತ್ತಿದ್ದರೂ ಅವಳು ಮುಖ ಆಚೆ ತಿರುಗಿಸಿಕೊಂಡು ಮಲಗುತ್ತಿದ್ದಳು, ಮುಟ್ಟಿದರೆ ವಾಸನೆ ಬಂದೀತೆಂಬ ಹೆದರಿಕೆಯಿಂದ. ಅವನಿಗೆ ಎಲ್ಲವೂ ಗೊತ್ತಿತ್ತು.

ನರ್ಸಿನ ಕೋಣೆ ಎಂದರೆ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಕರುಳಿನ ಬಣ್ಣದ ಚಿತ್ರ. ಕ್ಲಚ್ಚಮ್ಮ ಆ ಐದು ಪ್ರಶ್ನೆಗಳಿಗೆ ಮೊದಲ ಸಲ ಪ್ರಾಮಾಣಿಕವಾಗಿ ಉತ್ತರ ಬರೆದಳು. ನರ್ಸ್ ಕೂಡಿಸಿ ನೋಡಿದಳು. ನಲವತ್ತೆರಡಕ್ಕೆ ಮೂವತ್ತೊಂಬತ್ತು.

"ಶಾಲೇಲೂ ನಾನು ಇಷ್ಟು ಅಂಕ ತಗೊಂಡಿರಲಿಲ್ಲ" ಎಂದಳು ಕ್ಲಚ್ಚಮ್ಮ.

ಇಲ್ಲಿ ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು ಎಂದು ನರ್ಸ್ ನಗುತ್ತಲೇ ಹೇಳಿದಳು. ಆಮೇಲೆ ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಈ ಆಪರೇಷನ್ ಆದವರಲ್ಲಿ ಬಹಳ ಜನರಿಗೆ ಇದೇ ಪಾಡು, ಇದಕ್ಕೊಂದು ಹೆಸರಿದೆ, ಮದ್ದೂ ಇದೆ, ಆದರೆ ಬಾಯಿಗೆ ಬೀಗ ಹಾಕಿಕೊಂಡವರಿಗೆ ಯಾರೂ ಏನೂ ಮಾಡಲಾರರು. ಉಪವಾಸ ಮಾಡಿದರೆ ಕರುಳು ಸುಮ್ಮನಾಗುವುದಿಲ್ಲ, ಇನ್ನಷ್ಟು ಹುಚ್ಚು ಹಿಡಿಯುತ್ತದೆ. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ತಿನ್ನಬೇಕು. ಊಟಕ್ಕೆ ಅರ್ಧ ಗಂಟೆ ಮುಂಚೆ ಕರುಳನ್ನು ನಿಧಾನಿಸುವ ಮಾತ್ರೆ, ಜೊತೆಗೆ ನಾರಿನ ಪುಡಿ. ಕೆಳಗಿನ ಸ್ನಾಯುವನ್ನು ಬಿಗಿಹಿಡಿದು ಹತ್ತು ಎಣಿಸಿ ಬಿಡುವ ವ್ಯಾಯಾಮ, ದಿನಕ್ಕೆ ಐದು ಸಲ. ಸರ್ಜನ್ ಒಪ್ಪಿದರೆ, ಬೆಳಿಗ್ಗೆ ಎದ್ದು ಕೆಳಗಿನಿಂದ ಉಗುರುಬೆಚ್ಚಗಿನ ನೀರು ಏರಿಸಿ ಕರುಳನ್ನು ತೊಳೆದುಕೊಳ್ಳುವ ವಿಧಾನವನ್ನೂ ಕಲಿಸುವುದಾಗಿ ಹೇಳಿದಳು. ಅರ್ಧ ಗಂಟೆಯ ಕೆಲಸ, ಆದರೆ ಆಮೇಲೆ ಎಷ್ಟೋ ಹೊತ್ತು ನೆಮ್ಮದಿ.

"ಮೊದಲಿನ ಹಾಗೆ ಆಗ್ತೀನಾ ಸಿಸ್ಟರ್?"

"ಇಲ್ಲಮ್ಮ. ಆದ್ರೆ ಈಗಿರೋ ಹಾಗೂ ಇರಲ್ಲ. ಕರುಳಿಗೆ ಪಾಠ ಹೇಳಬೇಕು. ನೀವು ಪಾಠ ಹೇಳೋರೇ ಅಲ್ವಾ?"

ಆ ಮಾತು ಕ್ಲಚ್ಚಮ್ಮನಿಗೆ ಸರಿಯಾಗಿ ನಾಟಿತು. ಕೈಗೆ ಸಿಕ್ಕ ಶಿಷ್ಯರನ್ನು ಬಿಡುವ ಜಾತಿಯವಳಲ್ಲ ಅವಳು. ಮನೆಗೆ ಬಂದವಳೇ ಒಂದು ನೋಟ್‌ಬುಕ್ ತೆಗೆದು, ಶಿಷ್ಯರ ಪಾಠ ಬರೆದಿಡುವ ಹಾಗೆ ಎಲ್ಲವನ್ನೂ ಬರೆಯತೊಡಗಿದಳು. ತಿಂದದ್ದು, ಹೋದದ್ದು, ತಡೆದದ್ದು, ತಡೆಯಲಾಗದ್ದು. ಕೆಂಪು ದೀಪದ ಮುಂದೆ ಕಾರು ನಿಂತಾಗಲೆಲ್ಲ ಸ್ನಾಯು ಬಿಗಿದು ಹತ್ತು ಎಣಿಸಿದಳು. ಈರುಳ್ಳಿ ವೈರಿ ಎಂದು ಎರಡನೇ ವಾರ ಗೊತ್ತಾಯಿತು, ಕೈಬಿಟ್ಟಳು. ಮೂರನೇ ವಾರ ನೀರಿನ ವಿಧಾನ ಕಲಿತಳು; ಮೊದಲ ದಿನ ಬಚ್ಚಲು ಮನೆಯೆಲ್ಲ ನೀರಾಗಿ ಗಂಡ ಹೊರಗಿನಿಂದ, ಈಜು ಬರುತ್ತಾ ಎಂದು ಕೇಳಿದ. ಎಷ್ಟೋ ದಿನಗಳ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹದಿನಾಲ್ಕು ಎಂಟಾಯಿತು. ಮಧ್ಯೆ ಒಂದು ವಾರ ಮತ್ತೆ ಹನ್ನೊಂದಕ್ಕೆ ಏರಿ ಅವಳನ್ನು ಅಳಿಸಿ, ಆಮೇಲೆ ಐದಕ್ಕೆ ಇಳಿಯಿತು. ಆರನೇ ವಾರ ಹಾಳೆಯ ಮೇಲೆ ಇಪ್ಪತ್ತೊಂಬತ್ತು ಬಂತು.

ಅದೇ ವಾರ ಒಂದು ಬೆಳಿಗ್ಗೆ ಕಾರಿನ ಬಾಗಿಲು ತೆರೆದರೆ ಅವಳ ಸೀಟಿಗೆ ಹೊಸ ಹೊದಿಕೆ. ಕಡುನೀಲಿ ಬಟ್ಟೆ, ಅಡಿಯಲ್ಲಿ ಹತ್ತಿಯ ಪದರ, ಅದರಡಿಯಲ್ಲಿ ರೆಕ್ಸಿನ್, ಎಲ್ಲಕ್ಕೂ ಬಟನ್. ಬಿಚ್ಚಿ ಒಗೆಯಲು ಎರಡು ನಿಮಿಷ ಸಾಕು. ಕೇಳಿದ್ದಕ್ಕೆ, ಹಳೆಯದು ಹರಿದಿತ್ತು ಎಂದ ಗಂಡ. ಹಳೆಯದು ಹರಿದಿರಲಿಲ್ಲ. ಅವಳು ಆ ಹೊದಿಕೆಯ ಅಂಚನ್ನು ಕೈಯಲ್ಲಿ ಸವರಿ, ಹೂವಿನವಳಿಗೆ ಫೋನು ಮಾಡಿ, ನಾಳೆ ಹತ್ತು ಗಂಟೆಗೆ ಸೇತುವೆ ಎಂದಳು.

ಮರುದಿನ ಬೆಳಿಗ್ಗೆ ಬೇಕೆಂದೇ ಕೂತು ತಿಂಡಿ ತಿಂದಳು, ಒಳಉಡುಪಿನಲ್ಲಿ ಒಂದು ಪ್ಯಾಡು ಇಟ್ಟುಕೊಂಡಳು. ಡಿಕ್ಕಿಯಲ್ಲಿ ಒಂದು ಚೀಲ: ಬದಲಿ ಬಟ್ಟೆ, ಟವೆಲ್ಲು, ಸೋಪು. ಹೂವಿನವಳು ಏರುದಾರಿಗೆ ಬಂದಾಗ ಅವಳ ಬೆರಳುಗಳು ಸ್ಟೀರಿಂಗಿನ ಮೇಲೆ ಬಿಳಿಚಿಕೊಂಡವು. "ನಿಲ್ಲಿಸಬೇಡ. ನಿಂತರೆ ಹೆದರಿಕೆ, ಹೋದರೆ ರಸ್ತೆ. ಕನ್ನಡಿ ನೋಡು, ಆ ಕೆಂಪು ಲಾರಿ ಹೋಗಲಿ, ಅದರ ಹಿಂದೆ ನೀನು. ಒತ್ತು" ಎಂದಳು ಕ್ಲಚ್ಚಮ್ಮ. ಕಾರು ಲಾರಿಗಳ ಸಾಲಿನೊಳಗೆ ಸೇರಿಕೊಂಡಿತು. ಕೆಳಗೆ ನೀರು ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು. ಕ್ಲಚ್ಚಮ್ಮ ಒಂದು ವರ್ಷದ ಮೇಲೆ ಅದನ್ನು ನೋಡುತ್ತಿದ್ದಳು.

ಸೇತುವೆ ಮುಗಿಯುವಲ್ಲಿ ಲಾರಿಗಳು ಗಂಟು ಕಟ್ಟಿಕೊಂಡವು. ಐದು ನಿಮಿಷ ತೆವಳಿದರು, ಏಳು ನಿಮಿಷ ತೆವಳಿದರು. ಜೌಗಿನ ರಸ್ತೆಗೆ ಬರುವಷ್ಟರಲ್ಲಿ ಕ್ಲಚ್ಚಮ್ಮನ ಹೊಟ್ಟೆಯೊಳಗೆ ಹಳೆಯ ಆ ಸೆಳೆತ ಎದ್ದಿತು. ಹಿಂದಿನ ಕ್ಲಚ್ಚಮ್ಮನಾಗಿದ್ದರೆ ಹಲ್ಲು ಕಚ್ಚಿಕೊಂಡು, ಸುಮ್ಮಸುಮ್ಮನೆ ಶಿಷ್ಯೆಯ ಮೇಲೆ ರೇಗಿ, ಮುಖ ಮುಚ್ಚಿಕೊಳ್ಳುತ್ತಿದ್ದಳು. ಈಗ ಉಸಿರೆಳೆದುಕೊಂಡು, ಸ್ನಾಯು ಬಿಗಿದು, ಪಾಠ ಹೇಳುವ ದನಿಯಲ್ಲೇ ಹೇಳಿದಳು.

"ನೋಡಮ್ಮ, ನಂಗೆ ಅರ್ಜೆಂಟಾಗಿದೆ. ಎಷ್ಟು ಹೊತ್ತು ತಡೀತೀನೋ ಗೊತ್ತಿಲ್ಲ. ತಡೆಯೋಕಾಗದೆ ಹೋದ್ರೂ ಯಾರೂ ಸಾಯಲ್ಲ. ನೀನು ಗಾಬರಿಯಾಗಬೇಡ, ಅಷ್ಟೇ."

"ಇನ್ನೆಷ್ಟು ದೂರ ಅಕ್ಕಾ?" ಮೇಡಂ ಎಂಬುದು ಎಲ್ಲೋ ಸೇತುವೆಯ ಮೇಲೆ ಉದುರಿಹೋಗಿತ್ತು.

"ನಾಲ್ಕು ಕಿಲೋಮೀಟರು."

ಹೂವಿನವಳು ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ಲಾರಿಯ ಮುಂದೆ ಸಿಕ್ಕ ಜಾಗಕ್ಕೆ ನಯವಾಗಿ ಸೇರಿಕೊಂಡಳು. ದಾರಿ ಬಿಡುವಾದ ಕೂಡಲೇ ಗೇರು ಏರಿಸಿದಳು. ಕ್ಲಚ್ಚಮ್ಮ ಹತ್ತು ಎಣಿಸಿದಳು, ಬಿಟ್ಟಳು, ಮತ್ತೆ ಹತ್ತು ಎಣಿಸಿದಳು. ಎರಡನೇ ಬ್ರೇಕಿನ ಮೇಲೆ ಅವಳ ಕಾಲು ಒಮ್ಮೆಯೂ ಹೋಗಲಿಲ್ಲ. ಬಂಕಿನ ಒಳಗೆ ಎರಡು ಕಾರುಗಳ ನಡುವೆ ಮೊಳದಷ್ಟು ಮಾತ್ರ ಮಿಕ್ಕುವ ಜಾಗ, ಎದುರಿಗೇ ಕಕ್ಕಸಿನ ಬಾಗಿಲು. ಹೂವಿನವಳು ಒಂದೇ ಏಟಿಗೆ ನಿಲ್ಲಿಸಿದಳು. ಇಷ್ಟು ದಿನ ಕಲಿತದ್ದು ಅದನ್ನೇ ತಾನೆ.

ಡಿಕ್ಕಿಯ ಚೀಲ ಎಳೆದುಕೊಂಡು ಒಳಗೆ ಹೋಗಿ ನೋಡಿದರೆ ಪ್ಯಾಡಿನ ಮೇಲೆ ಒಂದಿಷ್ಟು, ಅಷ್ಟೇ. ತೊಳೆದುಕೊಂಡು, ಬಟ್ಟೆ ಬದಲಿಸಿ, ಮತ್ತೆರಡು ಸಲ ಹೋಗಬೇಕಾದದ್ದನ್ನೂ ಮುಗಿಸಿ, ಕೈ ತೊಳೆಯುತ್ತಾ ಕನ್ನಡಿ ನೋಡಿದಳು. ಇಷ್ಟು ದಿನ ಅವಳು ಹೆದರಿದ್ದು ಇದಕ್ಕೇ. ಇದು ಆಗಿಹೋಯಿತು, ಆದರೂ ಕನ್ನಡಿಯಲ್ಲಿ ಇದ್ದವಳು ಕ್ಲಚ್ಚಮ್ಮನೇ, ಕೂದಲು ಸ್ವಲ್ಪ ಕೆದರಿತ್ತು. ಅವಳಿಗೆ ಸಂತೋಷವಾಯಿತು, ತಡೆಯಲಾರದಷ್ಟು. ಶಿಷ್ಯರು ಈ ದಡದಲ್ಲಿ ಯಾಕೆ ಸುಮ್ಮಸುಮ್ಮನೆ ನಗುತ್ತಾರೆ ಎಂದು ಇಪ್ಪತ್ತೆರಡು ವರ್ಷದ ಮೇಲೆ ತಿಳಿಯಿತು.

ಹೊರಗೆ ಬಂದರೆ ಹೂವಿನವಳು ಕಾರನ್ನು ಹಿಂದೆ ತೆಗೆದು, ತಿರುಗಿಸಿ, ಸೇತುವೆಯ ಕಡೆ ಮುಖ ಮಾಡಿ ನಿಲ್ಲಿಸಿಕೊಂಡಿದ್ದಳು. ತನ್ನನ್ನು ಕೇಳದೆ ತಿರುಗಿಸಿದ್ದಕ್ಕೆ ಕ್ಲಚ್ಚಮ್ಮ ಚೆನ್ನಾಗಿ ಬೈದಳು. ಬರುವಾಗ ಒಮ್ಮೆ ಇಂಡಿಕೇಟರ್ ತಡವಾಗಿ ಹಾಕಿದ್ದನ್ನೂ ಸೇರಿಸಿ ಬೈದಳು. ಆಮೇಲೆ ನೀಲಿ ಹೊದಿಕೆಯ ಮೇಲೆ ಕೂತು ಬೆಲ್ಟು ಹಾಕಿಕೊಂಡಳು.

ಮುಂದಿನ ವಾರ ಹೂವಿನವಳು ಪಾಸಾದಳು. ಈಗ ಅವಳ ಅಂಗಡಿಯಲ್ಲಿ ಹೂವು ಬಾಡಿರುವುದಿಲ್ಲ. ಕ್ಲಚ್ಚಮ್ಮನಿಗೆ ಈಗಲೂ ಒಳ್ಳೆಯ ದಿನಗಳಿವೆ, ಕೆಟ್ಟ ದಿನಗಳಿವೆ. ಡಿಕ್ಕಿಯಲ್ಲಿ ಚೀಲ ಇದ್ದೇ ಇದೆ. ಆದರೆ ಪಾಠದ ಪದ್ಧತಿ ಹಳೆಯದೇ. ಹೊಸಬರು ಮೊದಲ ದಿನ ಬಂದು ಸ್ಟೀರಿಂಗ್ ಮುಟ್ಟುವ ಮುನ್ನವೇ ಅವಳು ಹೇಳಿಬಿಡುತ್ತಾಳೆ.

"ಮೂರನೇ ದಿನ ಸೇತುವೆ. ಮಧ್ಯದಲ್ಲಿ ನಂಗೆ ಅರ್ಜೆಂಟಾಗಬಹುದು, ಆಪರೇಷನ್ ಆಗಿದೆ. ಆಗ ನನ್ನನ್ನ ದಡ ಮುಟ್ಟಿಸೋದು ನಿನ್ನ ಕೆಲಸ. ಅದಕ್ಕೇ ಈಗ ಸರಿಯಾಗಿ ಕಲಿ."